ಬೂಟ್ ಆಗದ ಕಂಪ್ಯೂಟರ್ ಮತ್ತು ನಾನು ಕಳೆದ ಅಂಕಗಳು

ಕಳೆದ ಸಾಲಿನ ಬೋಧನಾಭ್ಯಾಸದಲ್ಲಿ ಒಬ್ಬ ಪ್ರಶಿಕ್ಷಣಾರ್ಥಿಯ ಪಾಠಕ್ಕೆ ನಾನು ಕೊಟ್ಟ ಅಂಕ ತಪ್ಪಾಗಿತ್ತು ಎಂದು ಈಗ ಅನಿಸುತ್ತಿದೆ. ಅಂಕಪಟ್ಟಿ ವಿಶ್ವವಿದ್ಯಾಲಯಕ್ಕೆ ಹೋಗಿಯಾಗಿದೆ, ಇನ್ನು ತಿದ್ದುವಂತಿಲ್ಲ. ಆದರೆ ಆ ತಪ್ಪು ನನ್ನೊಬ್ಬನದಲ್ಲ, ನಾವು ಪಾಠ ವೀಕ್ಷಿಸುವ ಕ್ರಮದಲ್ಲೇ ಅದು ಅಡಗಿದೆ ಎಂಬ ಅನುಮಾನವಿರುವುದರಿಂದ ಇಲ್ಲಿ ಬರೆಯುತ್ತಿದ್ದೇನೆ.

ನಡೆದದ್ದು ಇಷ್ಟು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿತಲ್ಲ, ಹಳೆಯ ಯಂತ್ರಗಳಿಗೆ ವಿಂಡೋಸ್ 11 ಹಾಕಲು ಬರುವುದಿಲ್ಲವೆಂದು ಆ ಪ್ರೌಢಶಾಲೆಯವರು ಹಳೆಯ ವಿದ್ಯಾರ್ಥಿಗಳ ದೇಣಿಗೆಯಿಂದ ಲ್ಯಾಬಿನ ಮುಖ್ಯ ಕಂಪ್ಯೂಟರಿಗೆ ಹೊಸ ಮದರ್‌ಬೋರ್ಡ್, ಪ್ರೊಸೆಸರ್, ರ‍್ಯಾಮ್ ಹಾಕಿಸಿದ್ದರು. ಕ್ಯಾಬಿನೆಟ್ಟು, ಹಾರ್ಡ್ ಡಿಸ್ಕು ಹಳೆಯವೇ. ಅಂಗಡಿಯ ಹುಡುಗ ಹಿಂದಿನ ಸಂಜೆ ತಂದಿಟ್ಟು "ರೆಡಿ ಇದೆ ಸಾರ್" ಎಂದು ಹೇಳಿ ಹೋಗಿದ್ದ. ಮರುದಿನ ಮೂರನೆಯ ಅವಧಿಯಲ್ಲಿ ನಮ್ಮ ಪ್ರಶಿಕ್ಷಣಾರ್ಥಿ ಒಂಬತ್ತನೆಯ ತರಗತಿಗೆ 'ಶಬ್ದ' ಪಾಠ ಮಾಡಬೇಕಿತ್ತು. ಅಲೆಗಳ ವಿಡಿಯೋ, ಸ್ಲೈಡು ಎಲ್ಲ ಸಿದ್ಧ ಮಾಡಿಕೊಂಡಿದ್ದಳು. ಸ್ವಿಚ್ ಒತ್ತಿದಳು. ಫ್ಯಾನ್ ತಿರುಗಿತು, ದೀಪ ಹತ್ತಿತು, ಪ್ರೊಜೆಕ್ಟರಿನಲ್ಲಿ ಮಾತ್ರ ಸಿಗ್ನಲ್ ಇಲ್ಲವೆಂಬ ನೀಲಿ ಪರದೆ.

ಇಂಥ ಹೊತ್ತಿನಲ್ಲಿ ನಮ್ಮವರು ಮಾಡುವುದು ಎರಡೇ. ಒಬ್ಬ ಹುಡುಗನನ್ನು ಸಿಬ್ಬಂದಿ ಕೊಠಡಿಗೆ ಓಡಿಸುತ್ತಾರೆ, ಇಲ್ಲವೇ ಹಿಂದೆ ಕೂತ ನಮ್ಮ ಕಡೆ ಅಳುಮುಖ ಮಾಡಿ ನೋಡುತ್ತಾರೆ. ಇವಳು ಮಕ್ಕಳ ಕಡೆ ತಿರುಗಿ, "ಫ್ಯಾನ್ ತಿರುಗ್ತಿದೆ. ಇದರಿಂದ ನಮಗೇನು ಗೊತ್ತಾಯ್ತು?" ಎಂದು ಕೇಳಿದಳು.

"ಕರೆಂಟ್ ಬರ್ತಿದೆ ಮಿಸ್" ಎಂದ ಒಬ್ಬ. ಕಪ್ಪುಹಲಗೆಯ ಮೇಲೆ ಎರಡು ಕಾಲಂ ಎಳೆದು, 'ಸರಿ ಇದೆ' ಎಂಬುದರ ಕೆಳಗೆ ವಿದ್ಯುತ್ ಎಂದು ಬರೆದಳು. ಮೂರನೆಯ ಬೆಂಚಿನ ಹುಡುಗಿ ಎದ್ದು, "ಫ್ಯಾನಿಗೆ ಬರ್ತಿದೆ ಮಿಸ್, ಎಲ್ಲದಕ್ಕೂ ಬರ್ತಿದೆ ಅಂತ ಹೇಗೆ ಹೇಳೋದು?" ಎಂದಳು. ಬರೆದದ್ದನ್ನು ಅಳಿಸಿ 'ಗೊತ್ತಿಲ್ಲ' ಕಾಲಂಗೆ ಹಾಕಬೇಕಾಯಿತು. ಆ ಮಗುವಿನ ಪ್ರಶ್ನೆ ಎಷ್ಟು ಸರಿ ಎಂಬುದು ನನಗೆ ಆಮೇಲೆ ತಿಳಿಯಿತು. ಮದರ್‌ಬೋರ್ಡಿಗೆ 24 ಪಿನ್ನಿನ ದೊಡ್ಡ ಕನೆಕ್ಟರ್ ಒಂದು, ಪ್ರೊಸೆಸರಿಗೆಂದೇ 4 ಅಥವಾ 8 ಪಿನ್ನಿನ ಇನ್ನೊಂದು. ಈ ಎರಡನೆಯದನ್ನು ಹಾಕಲು ಮರೆತರೂ ಫ್ಯಾನ್ ತಿರುಗುತ್ತಲೇ ಇರುತ್ತದೆ, ಪರದೆಯಲ್ಲಿ ಏನೂ ಬರುವುದಿಲ್ಲ. ಬೋರ್ಡ್ ಬದಲಿಸಿದಾಗ ಅತಿ ಸಾಮಾನ್ಯವಾಗಿ ಆಗುವ ಮರೆವು ಅದೇ ಅಂತೆ.

ಪಕ್ಕದ ಮುಚ್ಚಳ ತೆಗೆದು ನೋಡಿದರೆ ಎರಡೂ ಕನೆಕ್ಟರ್ ಸರಿಯಾಗಿದ್ದವು. ಪ್ರೊಜೆಕ್ಟರಿನ ಕೇಬಲ್ಲನ್ನು ತನ್ನ ಲ್ಯಾಪ್‌ಟಾಪಿಗೆ ಚುಚ್ಚಿದಳು, ಚಿತ್ರ ಬಂತು. ಕೇಬಲ್, ಪ್ರೊಜೆಕ್ಟರ್ ಎರಡೂ 'ಸರಿ ಇದೆ' ಕಡೆ ಹೋದವು. ಆಮೇಲೆ ಪ್ಲಗ್ ಕಿತ್ತು, ಪವರ್ ಬಟನ್ನನ್ನು ಕೆಲವು ಸೆಕೆಂಡು ಒತ್ತಿ ಹಿಡಿದು, ಕೈಯನ್ನು ಕ್ಯಾಬಿನೆಟ್ಟಿನ ಲೋಹಕ್ಕೆ ತಾಗಿಸಿ (ಮೈಯಲ್ಲಿನ ಸ್ಥಿರ ವಿದ್ಯುತ್ತಿನ ಬಗ್ಗೆ ಅಲ್ಲೇ ಎರಡು ಮಾತು ಹೇಳಿದಳು) ರ‍್ಯಾಮ್ ನೋಡಿದಳು. ಹೊಸ ಬೋರ್ಡುಗಳಲ್ಲಿ ಹಲವಕ್ಕೆ ರ‍್ಯಾಮ್ ಹಿಡಿಯುವ ಕೊಕ್ಕೆ ಒಂದೇ ತುದಿಗೆ ಇರುತ್ತದೆ. ಇನ್ನೊಂದು ತುದಿ ಪೂರ್ತಿ ಕೂರದಿದ್ದರೂ ಮೇಲುನೋಟಕ್ಕೆ ಕೂತಂತೆಯೇ ಕಾಣುತ್ತದೆ. ತೆಗೆದು ಗಟ್ಟಿಯಾಗಿ ಒತ್ತಿ ಕೂರಿಸಿ ಸ್ವಿಚ್ ಹಾಕಿದಾಗ ಬೋರ್ಡ್ ಕಂಪನಿಯ ಲೋಗೋ ಬಂತು. ಮಕ್ಕಳು ಚಪ್ಪಾಳೆ ತಟ್ಟಿದರು.

ಖುಷಿ ಹತ್ತೇ ಸೆಕೆಂಡು. ಬೂಟ್ ಮಾಡುವ ಸಾಧನ ಸಿಗುತ್ತಿಲ್ಲ ಎಂಬ ಸಂದೇಶ ಮೂಡಿತು. ಅವಳು ಸೆಟಪ್ ಪರದೆಗೆ ಹೋಗಿ, ಅಲ್ಲಿ ಹಾರ್ಡ್ ಡಿಸ್ಕಿನ ಹೆಸರು ಕಾಣುತ್ತಿದೆಯೇ ಎಂದು ಮಕ್ಕಳಿಂದಲೇ ಓದಿಸಿದಳು. ಕಾಣುತ್ತಿತ್ತು. "ಹಾಗಾದ್ರೆ ಡಿಸ್ಕು ಸತ್ತಿಲ್ಲ, ಬೋರ್ಡಿಗೆ ಅದನ್ನು ಓದೋಕೆ ಬರ್ತಿಲ್ಲ" ಎಂದು ಹಲಗೆಯ ಮೇಲೆ ಬರೆಯುವಷ್ಟರಲ್ಲಿ ಗಂಟೆ ಹೊಡೆಯಿತು. ಕಂಪ್ಯೂಟರ್ ಶುರುವಾಗಲೇ ಇಲ್ಲ. ಶಬ್ದದ ಪಾಠ ಒಂದು ಸಾಲೂ ಆಗಲಿಲ್ಲ.

ವೀಕ್ಷಣಾ ಪುಸ್ತಕದಲ್ಲಿ ನಾನು ಬರೆದದ್ದು: ಪಾಠಯೋಜನೆಯಿಂದ ವಿಚಲನೆ, ಬೋಧನೋಪಕರಣದ ಪೂರ್ವಪರಿಶೀಲನೆ ಇಲ್ಲ, ಕಲಿಕಾ ಫಲ ಸಾಧಿತವಾಗಿಲ್ಲ. ಮೂರೂ ನಿಜ. ಪೂರ್ವಪರಿಶೀಲನೆಯ ಮಾತನ್ನು ಈಗಲೂ ಹಿಂತೆಗೆದುಕೊಳ್ಳುವುದಿಲ್ಲ. ಬೆಳಿಗ್ಗೆ ಐದು ನಿಮಿಷ ಬೇಗ ಬಂದು ಒಮ್ಮೆ ಆನ್ ಮಾಡಿ ನೋಡಿದ್ದರೆ ಆಗುತ್ತಿತ್ತು. ಆದರೆ ಉಳಿದೆರಡು ಸಾಲು ಬರೆಯುವಾಗ ನನ್ನ ಕಣ್ಣು ಪಾಠಯೋಜನೆಯ ಹಾಳೆಯ ಮೇಲಿತ್ತು, ಕಪ್ಪುಹಲಗೆಯ ಮೇಲಿರಲಿಲ್ಲ.

ಮಧ್ಯಾಹ್ನ ಅಂಗಡಿಯವರು ಬಂದರು. ನೋಡಿದವರೇ "ಫಾರ್ಮ್ಯಾಟ್ ಮಾಡಿಬಿಡೋಣ ಸಾರ್, ಅರ್ಧ ಗಂಟೆ ಕೆಲಸ" ಎಂದರು. ಆ ಡಿಸ್ಕಿನಲ್ಲಿ ಐದು ವರ್ಷದ ಪ್ರಶ್ನೆಪತ್ರಿಕೆಗಳು, ಅಂಕವಹಿಗಳು ಇದ್ದವು, ಬೇರೆಲ್ಲೂ ಪ್ರತಿ ಇರಲಿಲ್ಲ. ಮುಖ್ಯೋಪಾಧ್ಯಾಯರು ತಲೆಯಾಡಿಸುವುದರಲ್ಲಿದ್ದರು. ಆಗ ಈ ಹುಡುಗಿ, "ಡಿಸ್ಕು ಸೆಟಪ್‌ನಲ್ಲಿ ಕಾಣ್ತಿದೆ ಸರ್, ಮೊದಲು ಬೇರೆ ಕಂಪ್ಯೂಟರಿಗೆ ಜೋಡಿಸಿ ಕಾಪಿ ಮಾಡ್ಕೊಳ್ಳೋಣ" ಎಂದು ತಡೆದಳು. ಕಾಪಿಯಾಯಿತು. ಕಾರಣವೂ ಸಿಕ್ಕಿತು. ಹಳೆಯ ಯಂತ್ರದಲ್ಲಿ ವಿಂಡೋಸ್ ಹಾಕಿದ್ದು ಹಳೆಯ ಬಯಾಸ್ ಪದ್ಧತಿಯಲ್ಲಿ, ಡಿಸ್ಕಿನ ವಿಭಾಗಪಟ್ಟಿ ಎಂಬಿಆರ್ ಎಂಬ ಹಳೆಯ ಮಾದರಿಯದು. ಹೊಸ ಬೋರ್ಡ್ ಯುಇಎಫ್ಐ ಪದ್ಧತಿಯಲ್ಲಿ ಮಾತ್ರ ಬೂಟ್ ಮಾಡುವಂಥದ್ದು, ಅದು ಹುಡುಕುವುದು ಜಿಪಿಟಿ ಮಾದರಿಯ ಡಿಸ್ಕಿನಲ್ಲಿರುವ ಬೂಟ್ ವಿಭಾಗವನ್ನು. ಮಾಹಿತಿ ಅಳಿಸದೆ ಒಂದನ್ನು ಇನ್ನೊಂದಕ್ಕೆ ಬದಲಿಸುವ ಎಂಬಿಆರ್2ಜಿಪಿಟಿ ಎಂಬ ಸಾಧನ 2017ರಿಂದ ವಿಂಡೋಸ್ 10ರ ಜೊತೆಗೇ ಬರುತ್ತದೆ. ಇನ್‌ಸ್ಟಾಲ್ ಪೆನ್‌ಡ್ರೈವಿನಿಂದ ಅದನ್ನು ಓಡಿಸಿದ ಮೇಲೆ ಹಳೆಯ ಡೆಸ್ಕ್‌ಟಾಪ್ ಹಾಗೆಯೇ ಎದ್ದು ಬಂತು. ಬೋರ್ಡ್ ಬದಲಾದ್ದರಿಂದ ವಿಂಡೋಸ್ ಪರವಾನಗಿಯನ್ನು ಮತ್ತೆ ಸಕ್ರಿಯಗೊಳಿಸುವ ತಲೆನೋವು ಬೇರೆ ಇತ್ತು, ಅದು ಶಾಲೆಯವರ ಪಾಲಿಗೆ ಉಳಿಯಿತು.

ಫಾರ್ಮ್ಯಾಟ್ ಮಾಡಿಬಿಡೋಣ ಎಂಬ ಮಾತನ್ನು ನಾವು ತರಗತಿಯಲ್ಲಿ ದಿನವೂ ಆಡುತ್ತಿದ್ದೇವೆ. ನೈದಾನಿಕ ಪರೀಕ್ಷೆ ಮತ್ತು ಪರಿಹಾರ ಬೋಧನೆಯ ಕಡತವನ್ನು ಪ್ರತಿ ಪ್ರಶಿಕ್ಷಣಾರ್ಥಿಯೂ ತಯಾರಿಸುತ್ತಾರೆ, ನಾವೂ ಸಹಿ ಹಾಕುತ್ತೇವೆ. ತೆಗೆದು ಓದಿ ನೋಡಿ. ಮುಕ್ಕಾಲು ಮತ್ತು ಅರ್ಧ ಕೂಡಿಸಿ ಆರರಲ್ಲಿ ನಾಲ್ಕು ಎಂದು ಬರೆದ ಮಗುವಿಗೆ ಪರಿಹಾರವಾಗಿ ಇಡೀ ಭಿನ್ನರಾಶಿ ಅಧ್ಯಾಯವನ್ನು ಮೊದಲಿನಿಂದ ಮಾಡಿರುತ್ತಾರೆ. ಮಗು ಅಂಶಕ್ಕೆ ಅಂಶ, ಛೇದಕ್ಕೆ ಛೇದ ಕೂಡಿಸಿದೆ. ಅದಕ್ಕೆ ಕೂಡುವುದು ಗೊತ್ತು, ಅಂಶ ಯಾವುದು ಛೇದ ಯಾವುದು ಎಂಬುದೂ ಗೊತ್ತು. ಗೊತ್ತಿಲ್ಲದ್ದು ಒಂದೇ: ಬೇರೆ ಬೇರೆ ಗಾತ್ರದ ತುಂಡುಗಳನ್ನು ಹಾಗೇ ಎಣಿಸಿ ಕೂಡಿಸಲಾಗದು ಎಂಬುದು. 'ಸರಿ ಇದೆ' ಎಂಬ ಕಾಲಂ ನಮ್ಮ ಕಡತದಲ್ಲಿ ಇಲ್ಲವೇ ಇಲ್ಲ. ತಪ್ಪುಗಳ ಪಟ್ಟಿ ಮಾತ್ರ ಇದೆ.

ಜಾನ್ ಡ್ಯೂಯಿ 1910ರಲ್ಲೇ ಚಿಂತನೆಯ ಹಂತಗಳನ್ನು ಹೇಳಿದ್ದಾರೆ: ತೊಡಕೊಂದು ಅನುಭವಕ್ಕೆ ಬರುವುದು, ಅದು ಎಲ್ಲಿದೆ ಎಂದು ಗುರುತಿಸುವುದು, ಪರಿಹಾರ ಊಹಿಸುವುದು, ಊಹೆಯಿಂದ ಏನು ಹೊರಡುತ್ತದೆಂದು ತರ್ಕಿಸುವುದು, ಪರೀಕ್ಷಿಸಿ ನೋಡುವುದು. ನಾವು ಇದನ್ನು ಹತ್ತು ಅಂಕದ ಪ್ರಶ್ನೆಯಾಗಿ ಕೇಳುತ್ತೇವೆ. ಆ ಮೂರನೆಯ ಅವಧಿಯಲ್ಲಿ ಐದೂ ಹಂತ ನನ್ನ ಕಣ್ಣೆದುರು ನಡೆದವು. ನಾನು ಅದಕ್ಕೆ ವಿಚಲನೆ ಎಂದು ಹೆಸರಿಟ್ಟೆ.

ಇನ್ನೊಂದು ಸಂಗತಿ. ಡಿಡಿಆರ್5 ರ‍್ಯಾಮ್ ಇರುವ ಹೊಸ ಬೋರ್ಡುಗಳು ಮೊದಲ ಸಲ ಆನ್ ಆದಾಗ ರ‍್ಯಾಮಿನ ಜೊತೆ ಹೊಂದಿಕೊಳ್ಳಲು ಕೆಲವೊಮ್ಮೆ ಹಲವು ನಿಮಿಷ ತೆಗೆದುಕೊಳ್ಳುತ್ತವೆ. ಅಷ್ಟು ಹೊತ್ತೂ ಪರದೆ ಕಪ್ಪಾಗಿಯೇ ಇರುತ್ತದೆ. ತಿಳಿಯದವರು ಕೆಟ್ಟಿದೆ ಎಂದು ಸ್ವಿಚ್ ಆರಿಸುತ್ತಾರೆ, ಕೆಲಸ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಪ್ರಶ್ನೆ ಕೇಳಿದ ಶಿಕ್ಷಕರು ಉತ್ತರಕ್ಕೆ ಸರಾಸರಿ ಒಂದು ಸೆಕೆಂಡಿನಷ್ಟೇ ಕಾಯುತ್ತಾರೆಂದೂ, ಅದನ್ನು ಮೂರು ಸೆಕೆಂಡಿಗೆ ಏರಿಸಿದರೆ ಮಕ್ಕಳ ಉತ್ತರ ಉದ್ದವಾಗುತ್ತದೆಂದೂ ಮೇರಿ ಬಡ್ ರೋ 1970ರ ದಶಕದಲ್ಲಿ ತೋರಿಸಿದ್ದನ್ನು ಸೂಕ್ಷ್ಮಬೋಧನೆಯಲ್ಲಿ ಹೇಳಿಕೊಡುತ್ತೇವೆ. ಮೂರನೆಯ ಬೆಂಚಿನ ಹುಡುಗಿ ಏಳುವ ಮುನ್ನ ಕೊಠಡಿಯಲ್ಲಿ ಮೌನವಿತ್ತು. ಆ ಮೌನವನ್ನು ಪ್ರಶಿಕ್ಷಣಾರ್ಥಿ ತುಂಬಲು ಹೋಗಲಿಲ್ಲ. ನನ್ನ ನಮೂನೆಯಲ್ಲಿ ಅದಕ್ಕೂ ಜಾಗವಿರಲಿಲ್ಲ.

ನನ್ನ ಸಹೋದ್ಯೋಗಿಯೊಬ್ಬರು ಇದನ್ನು ಒಪ್ಪುವುದಿಲ್ಲ. "ರಿಪೇರಿ ನಮ್ಮ ಕೆಲಸವಲ್ಲ, ನಾಳೆ ಮಗುವಿಗೆ ಶಾಕ್ ಹೊಡೆದರೆ ಯಾರು ಹೊಣೆ?" ಎನ್ನುತ್ತಾರೆ. ಅರ್ಧ ಒಪ್ಪುತ್ತೇನೆ. ಮಕ್ಕಳು ಯಂತ್ರ ಮುಟ್ಟಬಾರದು, ಎಸ್ಎಂಪಿಎಸ್ ಡಬ್ಬಿಯನ್ನು ಯಾರೂ ಬಿಚ್ಚಬಾರದು, ವಾರಂಟಿ ಸೀಲು ಇದ್ದರೆ ಅಲ್ಲಿಗೇ ನಿಲ್ಲಿಸಬೇಕು. ಅವರ ಎರಡನೆಯ ಆಕ್ಷೇಪ ಇನ್ನೂ ಗಟ್ಟಿಯಾದದ್ದು: ಒಂಬತ್ತನೆಯ ತರಗತಿಯವರಿಗೆ ಶಬ್ದದ ಒಂದು ಅವಧಿ ಹೋಯಿತಲ್ಲ? ಹೋಯಿತು. ಮರುದಿನ ಅವಳು ಉಕ್ಕಿನ ತಟ್ಟೆ, ಸ್ಪ್ರಿಂಗು ಹಿಡಿದು ಆ ಪಾಠ ಮಾಡಿದಳು, ಸ್ಲೈಡಿಗಿಂತ ಚೆನ್ನಾಗಿಯೇ ಆಯಿತು. ಆದರೂ ಹೋದ ಅವಧಿ ಹೋದದ್ದೇ. ಅದಕ್ಕೆ ಸರಿಸಮವಾದದ್ದು ಸಿಕ್ಕಿತೆಂದು ನನ್ನ ಅಭಿಪ್ರಾಯ. ಸಹೋದ್ಯೋಗಿಯದು ಬೇರೆ.

ಹಾಗೆಂದು ವೀಕ್ಷಣಾ ನಮೂನೆಗೆ ಮತ್ತೊಂದು ಕಾಲಂ ಸೇರಿಸಿ ಎಂದು ನಾನು ಕೇಳುತ್ತಿಲ್ಲ. ಸೇರಿಸಿದ ಮರುವರ್ಷವೇ ಪಾಠಯೋಜನೆಯಲ್ಲಿ 'ಈಗ ಕಂಪ್ಯೂಟರ್ ಕೆಡುತ್ತದೆ' ಎಂದು ಬರೆದು ಸಿದ್ಧ ಪ್ರಶ್ನೆ, ಸಿದ್ಧ ಉತ್ತರ ಇಟ್ಟಿರುತ್ತಾರೆ. ನಮ್ಮವರನ್ನು ನಾನು ಬಲ್ಲೆ. ಬದಲಿಗೆ, ಎನ್‌ಸಿಟಿಇ 2014ರ ನಿಯಮಾವಳಿಯ ನಂತರ ಬಂದ ಎರಡು ವರ್ಷದ ಬಿ.ಇಡಿ.ಯಲ್ಲಿ ಐಸಿಟಿಯ ವಿಮರ್ಶಾತ್ಮಕ ತಿಳಿವಳಿಕೆ ಎಂಬ ಇಪಿಸಿ ಪತ್ರಿಕೆ ಇದೆಯಲ್ಲ, ಅದರಲ್ಲಿ ಪಿಪಿಟಿ ಮಾಡಿಸಿ ಪ್ರಿಂಟ್ ತೆಗೆಸಿ ಬೈಂಡ್ ಮಾಡಿಸುವುದನ್ನು ಒಂದಿಷ್ಟು ಕಡಿಮೆ ಮಾಡೋಣ. ವಿಮರ್ಶಾತ್ಮಕ ಎಂಬ ಪದಕ್ಕೆ ಬೈಂಡಿಂಗಿನಲ್ಲಿ ಕೆಲಸವಿಲ್ಲ.

ನಮ್ಮ ಕಾಲೇಜಿನ ಉಗ್ರಾಣದಲ್ಲಿ ಆರು ಹಳೆಯ ಕಂಪ್ಯೂಟರುಗಳಿವೆ. ಒಂದರಲ್ಲಿ ರ‍್ಯಾಮ್ ಸಡಿಲಿಸಿ, ಒಂದರಲ್ಲಿ ಪ್ರೊಸೆಸರಿನ ಪವರ್ ಕನೆಕ್ಟರ್ ಬಿಡಿಸಿ, ಒಂದರಲ್ಲಿ ಬೂಟ್ ಕ್ರಮ ಬದಲಿಸಿ ಇಡುವುದು. ಒಂದನ್ನು ಏನೂ ಮಾಡದೆ, ಮಾನಿಟರಿನ ಕೇಬಲ್ ಮಾತ್ರ ಕಳಚಿ ಇಡುವುದು. ಇಬ್ಬರಿಗೊಂದು ಯಂತ್ರ. ಕಂಡದ್ದು, ಊಹಿಸಿದ್ದು, ಬದಲಿಸಿದ್ದು, ಆದದ್ದು ಎಂದು ನಾಲ್ಕು ಕಾಲಂ ಬರೆಯಬೇಕು. ಒಮ್ಮೆಗೆ ಒಂದನ್ನೇ ಬದಲಿಸಬೇಕು. ಯಂತ್ರ ಶುರುವಾಯಿತೇ ಇಲ್ಲವೇ ಎಂಬುದಕ್ಕೆ ಅಂಕವಿಲ್ಲ, ಬರವಣಿಗೆಗೆ ಮಾತ್ರ. ಅದೇ ವಾರ ಬೋಧನಾಭ್ಯಾಸದ ಶಾಲೆಯಿಂದ ಒಂದು ಮಗುವಿನ ಒಂದು ತಪ್ಪು ಲೆಕ್ಕವನ್ನು ತಂದು, ಅದೇ ನಾಲ್ಕು ಕಾಲಂಗಳಲ್ಲಿ ಬರೆಯಬೇಕು.

ಪ್ರಾಂಶುಪಾಲರು ಎರಡು ಶನಿವಾರ ಕೊಟ್ಟಿದ್ದಾರೆ. ಯಂತ್ರಗಳನ್ನು ಕೆಡಿಸಿಡಲು ಆ ಹಳೆಯ ಪ್ರಶಿಕ್ಷಣಾರ್ಥಿಯನ್ನೇ ಕರೆದಿದ್ದೇನೆ, ಬರುತ್ತೇನೆಂದಿದ್ದಾಳೆ. ಸೇರಬಯಸುವವರು ಒಂದು ಸ್ಟಾರ್ ಸ್ಕ್ರೂಡ್ರೈವರ್ ತನ್ನಿ. ಕಾಲೇಜಿನಲ್ಲಿ ಇರುವುದು ಒಂದೇ, ಅದರ ತುದಿಯೂ ಸವೆದಿದೆ.