ಎರಡು ಪದವಿ, ಒಂದೇ ಹಂಬಲ

1988ರ ಏಪ್ರಿಲ್ 11ರ ರಾತ್ರಿ. ಲಾಸ್ ಏಂಜಲಿಸ್‌ನ ಶ್ರೈನ್ ಸಭಾಂಗಣದಲ್ಲಿ ಆಸ್ಕರ್ ಪ್ರಶಸ್ತಿ ಪ್ರದಾನ ಸಮಾರಂಭ. ಅತ್ಯುತ್ತಮ ಪೋಷಕ ನಟಿಯ ಹೆಸರು ಘೋಷಣೆಯಾದಾಗ ವೇದಿಕೆ ಏರಿದವರು 56 ವರ್ಷದ ಒಬ್ಬ ಮಹಿಳೆ. ಸಿನಿಮಾ ಪ್ರೇಕ್ಷಕರಲ್ಲಿ ಅನೇಕರಿಗೆ ಅಲ್ಲಿಯವರೆಗೆ ಅವರ ಹೆಸರೇ ಸರಿಯಾಗಿ ಗೊತ್ತಿರಲಿಲ್ಲ. ಮಾತು ಮುಗಿಸುವಾಗ ಅವರು ಪ್ರಶಸ್ತಿಯನ್ನು ತಲೆಯ ಮೇಲೆತ್ತಿ ಹಿಡಿದು, ‘ಸರಿ ಮೈಕೇಲ್, ಹೊರಡೋಣ!’ ಎಂದು ಕೂಗಿದರು. ಆ ಮೈಕೇಲ್ ಅವರ ಚಿಕ್ಕಪ್ಪ ದೊಡ್ಡಪ್ಪಂದಿರ ಸಾಲಿನ ಸೋದರ. ಮ್ಯಾಸಚೂಸೆಟ್ಸ್ ರಾಜ್ಯದ ಗವರ್ನರ್ ಆಗಿದ್ದ ಅವರು ಅದೇ ವರ್ಷ ಅಮೆರಿಕದ ಅಧ್ಯಕ್ಷ ಪದವಿಗೆ ಡೆಮಾಕ್ರಟಿಕ್ ಪಕ್ಷದ ಅಭ್ಯರ್ಥಿಯೂ ಆದರು. ನವೆಂಬರ್ ಚುನಾವಣೆಯಲ್ಲಿ ಮೈಕೇಲ್ ಡುಕಾಕಿಸ್ ಸೋತರು. ಒಲಿಂಪಿಯಾ ಡುಕಾಕಿಸ್ ಮಾತ್ರ ಆ ವೇಳೆಗೆ ಮನೆಮಾತಾಗಿದ್ದರು.

ಒಂದೇ ರಾತ್ರಿಯಲ್ಲಿ ಬಂದ ಕೀರ್ತಿ ಎಂದು ಕೆಲವರಿಗೆ ಅನ್ನಿಸಿರಬಹುದು. ಆದರೆ ಆ ರಾತ್ರಿಯ ಹಿಂದೆ ಮೂವತ್ತು ವರ್ಷಗಳ ದುಡಿಮೆ ಇತ್ತು. ಮಗ ಅಥವಾ ಮಗಳು ‘ನನಗೆ ನಾಟಕ ಬೇಕು’, ‘ನನಗೆ ಚಿತ್ರಕಲೆ ಬೇಕು’ ಎಂದು ಹಟ ಹಿಡಿದಾಗ ಏನು ಹೇಳಬೇಕೆಂದು ತೋಚದೆ ಕೂರುವ ಹೆತ್ತವರೂ, ಹಾಗೆ ಹಟ ಹಿಡಿಯುವ ಮಕ್ಕಳೂ ಈ ಮೂವತ್ತು ವರ್ಷಗಳ ಕಥೆಯನ್ನು ಒಮ್ಮೆ ಕೇಳಬೇಕು.

ಒಲಿಂಪಿಯಾ ಹುಟ್ಟಿದ್ದು 1931ರ ಜೂನ್ 20ರಂದು, ಮ್ಯಾಸಚೂಸೆಟ್ಸ್‌ನ ಲೊವೆಲ್ ಪಟ್ಟಣದಲ್ಲಿ. ಅದು ಬಟ್ಟೆ ಗಿರಣಿಗಳ ಊರು. ಗಿರಣಿ ಕೆಲಸ ಹುಡುಕಿಕೊಂಡು ಬಂದು ನೆಲೆಸಿದ ಗ್ರೀಕರ ದೊಡ್ಡ ಸಮುದಾಯವೇ ಅಲ್ಲಿತ್ತು. ಒಲಿಂಪಿಯಾರ ತಂದೆ ತಾಯಿ ಇಬ್ಬರೂ ವಲಸೆ ಬಂದ ಗ್ರೀಕರು. ಸಂಸಾರ ನಡೆಸಲು ದುಡಿಯುತ್ತಿದ್ದ ತಂದೆ ಕಾನ್‌ಸ್ಟಂಟೈನ್ ಅವರಿಗೆ ನಾಟಕದ ಹುಚ್ಚು. ಹವ್ಯಾಸಿ ತಂಡ ಕಟ್ಟಿ ಗ್ರೀಕ್ ನಾಟಕ ಆಡಿಸುತ್ತಿದ್ದರು. ಮನೆಯೊಳಗೆ ಗ್ರೀಕ್ ಭಾಷೆ, ಗ್ರೀಕ್ ಕಟ್ಟುಪಾಡು. ಹೊರಗೆ ಬೀದಿಗೆ ಬಂದರೆ ‘ನೀವು ಹೊರಗಿನವರು’ ಎಂಬ ತಾತ್ಸಾರ. ಹುಡುಗಿ ಬೆಳೆದದ್ದು ಈ ಎರಡರ ನಡುವೆ.

ನಾಟಕದ ಆಸೆ ಎಳೆಯ ವಯಸ್ಸಿನಲ್ಲೇ ಇತ್ತು. ಆದರೆ ಆಸೆಯನ್ನು ನಂಬಿ ಕೈಚೆಲ್ಲಿ ಕೂರುವಷ್ಟು ಅನುಕೂಲ ಆ ಮನೆಗಿರಲಿಲ್ಲ. ಬಾಸ್ಟನ್ ವಿಶ್ವವಿದ್ಯಾಲಯ ಸೇರಿದ ಒಲಿಂಪಿಯಾ ಆರಿಸಿಕೊಂಡದ್ದು ಫಿಸಿಯೋಥೆರಪಿ. ಓದಿನ ದಿನಗಳಲ್ಲಿ ಫೆನ್ಸಿಂಗ್ ಎಂಬ ಕತ್ತಿವರಸೆಯಲ್ಲಿ ನ್ಯೂ ಇಂಗ್ಲೆಂಡ್ ಪ್ರಾಂತ್ಯದ ಚಾಂಪಿಯನ್ ಕೂಡ ಆದರು.

ಆಗ ಅಮೆರಿಕದಲ್ಲಿ ಪೋಲಿಯೊ ಪಿಡುಗಿನ ಕಾಲ. 1952ರ ಒಂದೇ ವರ್ಷದಲ್ಲಿ ಸುಮಾರು 58,000 ಮಂದಿಗೆ ರೋಗ ತಗಲಿತ್ತು. ಜೋನಸ್ ಸಾಕ್ ಅವರ ಲಸಿಕೆ ಬಳಕೆಗೆ ಬಂದದ್ದು 1955ರಲ್ಲಿ. ಅಲ್ಲಿಯವರೆಗೆ ರೋಗವನ್ನು ತಡೆಯುವ ದಾರಿಯೇ ಇರಲಿಲ್ಲ. ಬಿಸಿ ಬಟ್ಟೆಯ ಶಾಖ ಕೊಟ್ಟು, ಸೆಟೆದ ಸ್ನಾಯುಗಳನ್ನು ಸಡಿಲಿಸಿ, ನಿಧಾನವಾಗಿ ವ್ಯಾಯಾಮ ಮಾಡಿಸಿ, ಕೈಕಾಲುಗಳಲ್ಲಿ ಉಳಿದಿರುವ ಶಕ್ತಿಯನ್ನು ಕಾಪಾಡಬೇಕಿತ್ತು. ಆ ಪಿಡುಗು ಉಚ್ಛ್ರಾಯದಲ್ಲಿದ್ದಾಗ ಒಲಿಂಪಿಯಾ ರೋಗಿಗಳ ಹಾಸಿಗೆಯ ಪಕ್ಕದಲ್ಲಿ ದುಡಿದರು. ಕಲಿತ ವಿದ್ಯೆ ಬೇಕಾದವರಿಗೆ ಬೇಕಾದ ಹೊತ್ತಿನಲ್ಲಿ ಒದಗಿತು.

ಹೀಗೆ ದುಡಿದು ಹಣ ಕೂಡಿಟ್ಟುಕೊಂಡು, ಮತ್ತೆ ಅದೇ ಬಾಸ್ಟನ್ ವಿಶ್ವವಿದ್ಯಾಲಯಕ್ಕೆ ಹೋಗಿ ಎರಡನೆಯ ಪದವಿ ಪಡೆದರು. ಈ ಬಾರಿ ರಂಗಕಲೆಯಲ್ಲಿ. ಇಲ್ಲಿ ಗಮನಿಸಬೇಕಾದ ಮಾತೊಂದಿದೆ. ಮೊದಲ ಪದವಿಯನ್ನು ಅವರು ಹಂಬಲಕ್ಕೆ ಬಿದ್ದ ಬೇಲಿ ಎಂದು ತಿಳಿಯಲಿಲ್ಲ. ಹಂಬಲದ ಕಡೆಗೆ ಹೋಗಲು ಹಾಕಿಕೊಂಡ ಸೇತುವೆ ಅದು. ಹಾಗೆಯೇ, ಸಂಬಳ ಬರುತ್ತಿದೆಯಲ್ಲ ಎಂದು ಸೇತುವೆಯ ಮೇಲೆಯೇ ಮನೆ ಕಟ್ಟಿಕೊಂಡು ಕೂರಲೂ ಇಲ್ಲ.

ನ್ಯೂಯಾರ್ಕ್‌ನ ರಂಗಭೂಮಿ ಕೈಬೀಸಿ ಕರೆಯಲಿಲ್ಲ. ವಲಸಿಗರ ಮಕ್ಕಳು ನಟರಾಗಬೇಕಾದರೆ ಹೆಸರನ್ನು ಇಂಗ್ಲಿಷರ ಹೆಸರಿನಂತೆ ಕತ್ತರಿಸಿ ಹೊಲಿಸಿಕೊಳ್ಳುವುದು ಆ ಕಾಲದ ವಾಡಿಕೆ. ಒಲಿಂಪಿಯಾ ಡುಕಾಕಿಸ್ ಎಂಬ ಉದ್ದನೆಯ ಗ್ರೀಕ್ ಹೆಸರು ಕೊನೆಯವರೆಗೂ ಹಾಗೆಯೇ ಉಳಿಯಿತು. 1962ರಲ್ಲಿ ನಟ ಲೂಯಿ ಜೋರಿಚ್ ಅವರನ್ನು ಮದುವೆಯಾದ ಮೇಲೂ ಅದು ಬದಲಾಗಲಿಲ್ಲ. ಮರುವರ್ಷ ಬ್ರೆಕ್ಟ್‌ನ ನಾಟಕವೊಂದರ ಅಭಿನಯಕ್ಕೆ ಓಬಿ ಪ್ರಶಸ್ತಿ ಬಂತು. ಪ್ರಶಸ್ತಿ ಬಂದರೂ ನಾಯಕಿಯ ಪಾತ್ರ ಬರಲಿಲ್ಲ. ಚಿಕ್ಕ ವಯಸ್ಸಿನಲ್ಲೇ ತಾಯಂದಿರ ಪಾತ್ರ ಅಂಟಿಕೊಂಡಿತು. 1969ರ ‘ಜಾನ್ ಅಂಡ್ ಮೇರಿ’ ಚಿತ್ರದಲ್ಲಿ ಅವರು ಡಸ್ಟಿನ್ ಹಾಫ್‌ಮನ್‌ನ ತಾಯಿ. ನಿಜದಲ್ಲಿ ಆ ‘ಮಗ’ ತಾಯಿಗಿಂತ ಕೇವಲ ಆರು ವರ್ಷ ಚಿಕ್ಕವನು!

ನಿಜ ಜೀವನದಲ್ಲೂ ಅವರು ಅಷ್ಟರಲ್ಲಿ ತಾಯಿಯಾಗಿದ್ದರು. ಒಟ್ಟು ಮೂವರು ಮಕ್ಕಳು. ಮಕ್ಕಳನ್ನು ಬೆಳೆಸಲು ದಂಪತಿ ನ್ಯೂಯಾರ್ಕ್ ಬಿಟ್ಟು ನ್ಯೂಜೆರ್ಸಿಯ ಮಾಂಟ್‌ಕ್ಲೇರ್ ಎಂಬ ಊರಿಗೆ ಬಂದರು. ನಗರ ಬಿಟ್ಟ ನಟಿಯ ಕಥೆ ಅಲ್ಲಿಗೆ ಮುಗಿಯುವುದೇ ಹೆಚ್ಚು. ಆದರೆ ನಾಟಕ ಇದ್ದಲ್ಲಿಗೆ ತಾವು ಹೋಗಲಾಗದಿದ್ದರೆ ತಾವಿದ್ದಲ್ಲಿಗೆ ನಾಟಕವನ್ನು ತರುವುದು ಎಂದು ಒಲಿಂಪಿಯಾ ನಿಶ್ಚಯಿಸಿದರು. 1973ರಲ್ಲಿ ಗಂಡ ಹಾಗೂ ಕೆಲವು ಕಲಾವಿದ ಮಿತ್ರರೊಡನೆ ಸೇರಿ ಅಲ್ಲಿಯೇ ‘ಹೋಲ್ ಥಿಯೇಟರ್’ ಕಟ್ಟಿದರು. ಯೂರಿಪಿಡೀಸ್, ಯೂಜೀನ್ ಓನೀಲ್, ಬೆಕೆಟ್ ಹೀಗೆ ದೊಡ್ಡವರ ನಾಟಕಗಳನ್ನು ಆ ಸಣ್ಣ ಊರಿನ ಜನ ತಮ್ಮ ಮನೆಯ ಹತ್ತಿರವೇ ನೋಡುವಂತಾಯಿತು. ನಟನೆ, ನಿರ್ದೇಶನ, ಹಣ ಹೊಂದಿಸುವ ಕೆಲಸ ಎಲ್ಲವೂ ಅವರ ತಲೆಯ ಮೇಲೆ. ಜೊತೆಗೆ ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ ಹಲವು ವರ್ಷ ಅಭಿನಯದ ಪಾಠ ಹೇಳಿದರು.

ಕಷ್ಟ ಹೇಳಿ ಕೇಳಿ ಬರುವುದಿಲ್ಲ. 1977ರಲ್ಲಿ ಕಾರು ಅಪಘಾತದಲ್ಲಿ ಲೂಯಿ ತೀವ್ರವಾಗಿ ಗಾಯಗೊಂಡರು. ಬಹುಕಾಲ ಕೆಲಸ ಮಾಡುವ ಸ್ಥಿತಿಯಲ್ಲಿರಲಿಲ್ಲ. ಶಾಲೆಗೆ ಹೋಗುವ ಮಕ್ಕಳು, ಹಾಸಿಗೆ ಹಿಡಿದ ಗಂಡ, ನಾಲ್ಕು ವರ್ಷದ ಎಳೆಯ ರಂಗಮಂದಿರ. ಇವುಗಳಲ್ಲಿ ಯಾವುದನ್ನೂ ಅವರು ಕೈಬಿಡಲಿಲ್ಲ. ಸಂಸಾರದ ಭಾರ ಹೊತ್ತರು, ಸಿಕ್ಕ ಕೆಲಸ ಮಾಡಿದರು. ಟೆಲಿವಿಷನ್ ಧಾರಾವಾಹಿಯಲ್ಲೂ ನಟಿಸಿದರು. ಗ್ರೀಕ್ ದುರಂತ ನಾಟಕಗಳ ನಟಿ ಧಾರಾವಾಹಿಗೆ ಇಳಿಯಬೇಕೆ ಎಂಬ ಬಿಗುಮಾನ ಅವರಲ್ಲಿರಲಿಲ್ಲ.

ತಿರುವು ಸಿಕ್ಕಿದ್ದು 1986ರಲ್ಲಿ. ಬ್ರಾಡ್‌ವೇಯಲ್ಲಿ ಅವರು ನಟಿಸುತ್ತಿದ್ದ ‘ಸೋಷಿಯಲ್ ಸೆಕ್ಯುರಿಟಿ’ ನಾಟಕವನ್ನು ನಿರ್ದೇಶಕ ನಾರ್ಮನ್ ಜ್ಯೂಯಿಸನ್ ನೋಡಿದರು. ತಮ್ಮ ‘ಮೂನ್‌ಸ್ಟ್ರಕ್’ ಚಿತ್ರದಲ್ಲಿ ನಾಯಕಿಯ ತಾಯಿ ರೋಸ್ ಪಾತ್ರವನ್ನು ಕೊಟ್ಟರು. ಗಂಡ ದಾರಿ ತಪ್ಪಿದ್ದಾನೆಂದು ಅರಿತೂ ಮನೆಯ ಮಾನ ಬಿಡದೆ, ತನ್ನ ಮಾನವನ್ನೂ ಬಿಡದೆ ನಿಲ್ಲುವ ಹೆಣ್ಣು ಆಕೆ. ಹೆಚ್ಚು ಮಾತಿಲ್ಲ, ಅಳುವಿಲ್ಲ. 1987ರಲ್ಲಿ ತೆರೆಕಂಡ ಆ ಚಿತ್ರವೇ ಆಸ್ಕರ್ ತಂದದ್ದು. ಮಗಳ ಪಾತ್ರ ಮಾಡಿದ ಶೆರ್ ಅವರಿಗೆ ಅದೇ ರಾತ್ರಿ ಅತ್ಯುತ್ತಮ ನಟಿ ಪ್ರಶಸ್ತಿ.

ಪ್ರಶಸ್ತಿ ಎಲ್ಲವನ್ನೂ ನೇರ್ಪು ಮಾಡಿತೆ? ಇಲ್ಲ. 1989ರಲ್ಲಿ ಆ ಆಸ್ಕರ್ ಪ್ರತಿಮೆ ಮನೆಯಿಂದಲೇ ಕಳುವಾಯಿತು. ಬೇರೊಂದು ಬೇಕೆಂದು ಕೇಳಿದಾಗ ಅಕಾಡೆಮಿ ಹೇಳಿದ ಬೆಲೆ 78 ಡಾಲರ್! ಅದು ನಗು ತರಿಸುವ ಸಂಗತಿ. ನೋವಿನ ಸಂಗತಿ ಬೇರೆ. ಕೈಯಾರೆ ಕಟ್ಟಿ 17 ವರ್ಷ ನಡೆಸಿದ ಹೋಲ್ ಥಿಯೇಟರ್ ಹಣದ ಮುಗ್ಗಟ್ಟಿನಿಂದ 1990ರಲ್ಲಿ ಮುಚ್ಚಿಹೋಯಿತು. ಜಗತ್ತು ಗುರುತಿಸಿದ ಮೇಲೂ ಮನಸ್ಸಿಗೆ ಹತ್ತಿರವಾದದ್ದು ಉಳಿಯದೆ ಹೋಗಬಹುದು. ಒಲಿಂಪಿಯಾ ಅದನ್ನೂ ನುಂಗಿಕೊಂಡು ಮುಂದೆ ನಡೆದರು. ಆಸ್ಕರ್ ಗೆಲ್ಲುವುದು ತಮ್ಮ ಗುರಿಯಾಗಿರಲಿಲ್ಲ, ದೊಡ್ಡ ಪಾತ್ರಗಳನ್ನು ಆಡುವುದು ಗುರಿಯಾಗಿತ್ತು ಎಂದು ಒಮ್ಮೆ ಹೇಳಿದ್ದರು. ಆ ಮಾತಿನಂತೆಯೇ 2000ದಲ್ಲಿ, ಅರವತ್ತೊಂಬತ್ತನೆಯ ವಯಸ್ಸಿಗೆ ಕಾಲಿಡುವ ಹೊತ್ತಿನಲ್ಲಿ, ‘ರೋಸ್’ ಎಂಬ ಏಕವ್ಯಕ್ತಿ ನಾಟಕವನ್ನು ಬ್ರಾಡ್‌ವೇಯಲ್ಲಿ ಒಬ್ಬರೇ ನಿಭಾಯಿಸಿದರು. 2003ರಲ್ಲಿ ಆತ್ಮಕಥೆ ಹೊರಬಂತು. 55 ವರ್ಷಕ್ಕೂ ಮೀರಿ ಜೊತೆಗಿದ್ದ ಲೂಯಿ 2018ರಲ್ಲಿ ತೀರಿಕೊಂಡರು. 2021ರ ಮೇ 1ರಂದು, 89ನೆಯ ವಯಸ್ಸಿನಲ್ಲಿ, ಒಲಿಂಪಿಯಾ ನ್ಯೂಯಾರ್ಕ್‌ನಲ್ಲಿ ಕಣ್ಣು ಮುಚ್ಚಿದರು.

‘ಮೊದಲು ಹೊಟ್ಟೆಪಾಡು ನೋಡಿಕೋ’ ಎನ್ನುವ ಹೆತ್ತವರ ಮಾತಿನಲ್ಲಿ ಹುರುಳಿದೆ. ‘ನನ್ನ ಮನಸ್ಸು ಬೇರೆ ಕಡೆ ಇದೆ’ ಎನ್ನುವ ಮಕ್ಕಳ ಮಾತಿನಲ್ಲೂ ಇದೆ. ಎರಡನ್ನೂ ಎದುರುಬದುರು ನಿಲ್ಲಿಸಿ ಜಗಳ ಹಚ್ಚುವುದರಿಂದಲೇ ಮನೆಗಳಲ್ಲಿ ಮಾತು ನಿಲ್ಲುತ್ತದೆ. ಒಂದರ ನಂತರ ಇನ್ನೊಂದು ಎಂದು ಸಾಲಾಗಿ ನಿಲ್ಲಿಸಿಕೊಂಡವರು ಒಲಿಂಪಿಯಾ. ಹಾಗೆ ಮಾಡಲು ಮಕ್ಕಳಿಗೆ ತಾಳ್ಮೆ ಬೇಕು. ಎರಡನೆಯ ಸರದಿ ಬಂದಾಗ ‘ಇನ್ನು ಅದೆಲ್ಲ ಯಾಕೆ?’ ಎಂದು ಕೇಳದಿರುವ ದೊಡ್ಡ ಮನಸ್ಸು ಹೆತ್ತವರಿಗೂ ಬೇಕು.