ಎಂಟು ಕೋರ್ ಇದ್ದರೆ ಫೋನ್ ಎಂಟು ಪಟ್ಟು ಓಡುತ್ತದೆಯೇ?

ಕಬ್ಬಿನ ಬಿಲ್ ಬಂದ ಮೇಲೆ ಹೊಸ ಮೊಬೈಲ್ ಕೊಳ್ಳೋಣ ಎಂದು ಲೆಕ್ಕ ಹಾಕಿಕೊಂಡವರು ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಕಡೆ ಅನೇಕರಿದ್ದೀರಿ. ‘ನಾಲ್ಕು ಕೋರ್ ಬಿಡಿ, ಎಂಟು ಕೋರಿನದು ತೆಗೆದುಕೊಳ್ಳಿ, ವೇಗ ಎರಡು ಪಟ್ಟು’ ಎಂಬಂಥ ಮಾತು ಗ್ರೂಪಿನಲ್ಲಿ ಕಂಡರೆ, ಮುಂದೆ ಕಳಿಸುವ ಮುನ್ನ ಇದನ್ನು ಓದಿ.

ಕೋರ್ ಎಂದರೆ ಪ್ರೊಸೆಸರ್ ಒಳಗಿನ ಒಬ್ಬ ಕೆಲಸಗಾರ. ಎಂಟು ಜನರಿದ್ದರೆ ಎಂಟು ಬೇರೆ ಬೇರೆ ಕೆಲಸ ಒಟ್ಟಿಗೆ ಸಾಗುತ್ತವೆ, ಇದು ನಿಜ. ಆದರೆ ಒಂದೇ ಕೆಲಸ ಎಂಟು ಪಟ್ಟು ಬೇಗ ಮುಗಿಯುತ್ತದೆ ಎಂಬುದು ಸುಳ್ಳು.

ಉಗಾರದಲ್ಲಾಗಲಿ ಚಿಕ್ಕೋಡಿಯಲ್ಲಾಗಲಿ ಸಕ್ಕರೆ ಕಾರ್ಖಾನೆಯ ಕಾಟಾ ಮುಂದೆ ಸರತಿಯಲ್ಲಿ ನಿಂತವರಿಗೆ ಇದು ಗೊತ್ತೇ ಇದೆ. ಎಂಟು ಕಾಟಾ ಇದ್ದರೆ ಎಂಟು ಗಾಡಿ ಒಟ್ಟಿಗೆ ತೂಗಬಹುದು. ಆದರೆ ನಿಮ್ಮ ಒಂದು ಗಾಡಿಗೆ? ಮೊದಲು ತುಂಬಿದ ತೂಕ, ಆಮೇಲೆ ಕಬ್ಬು ಇಳಿಸುವುದು, ಆಮೇಲೆ ಖಾಲಿ ತೂಕ, ಕೊನೆಗೆ ಕಳೆದು ಚೀಟಿ. ಇಳಿಸುವ ಮುನ್ನ ಖಾಲಿ ತೂಕ ಹೇಗೆ ಸಿಗಬೇಕು? ಪಕ್ಕದ ಏಳು ಕಾಟಾ ಸುಮ್ಮನೆ ನಿಂತಿರುತ್ತವೆ. ಪ್ರೋಗ್ರಾಂಗಳೂ ಹೀಗೇ. ಒಂದು ಹೆಜ್ಜೆಯ ಉತ್ತರ ಬಾರದೆ ಮುಂದಿನ ಹೆಜ್ಜೆ ಇಡಲಾಗದು. 10 ನಿಮಿಷದ ಕೆಲಸದಲ್ಲಿ ಅರ್ಧ ಇಂಥದ್ದೇ ಇದ್ದರೆ, ಉಳಿದರ್ಧವನ್ನು ಎಂಟು ಕೋರ್ ಹಂಚಿಕೊಂಡರೂ ಸುಮಾರು ಐದೂವರೆ ನಿಮಿಷ ಬೇಕೇ ಬೇಕು. ಕಂಪ್ಯೂಟರ್ ವಿನ್ಯಾಸಕ ಜೀನ್ ಆಮ್ಡಾಲ್ ಈ ಮಿತಿಯನ್ನು 1967ರಲ್ಲೇ ತೋರಿಸಿದ್ದರು.

ಹಾಗಾದರೆ ಖಾಲಿ ನಿಂತ ಕೋರ್‌ಗಳಿಗೆ ಕೆಲಸ ಕೊಡುವುದು ಹೇಗೆ? ಇಲ್ಲಿ ಒಂದು ಜಾಣ ಉಪಾಯವಿದೆ: ಊಹೆ. ಗಾಡಿಯ ಕಬ್ಬು ಇಳಿಯುತ್ತಿರುವಾಗಲೇ ಇನ್ನೊಬ್ಬ ಗುಮಾಸ್ತ, ಕಳೆದ ಸಲದ ಖಾಲಿ ತೂಕವೇ ಈ ಸಲವೂ ಬರುತ್ತದೆ ಎಂದುಕೊಂಡು ಪೆನ್ಸಿಲ್‌ನಲ್ಲಿ ಚೀಟಿ ಬರೆದಿಡುತ್ತಾನೆ ಎನ್ನಿ. ಚೀಟಿ ನಿಮ್ಮ ಕೈಗೆ ಇನ್ನೂ ಬಂದಿಲ್ಲ. ನಿಜವಾದ ತೂಕ ಹೊಂದಿದರೆ ಅದೇ ಚೀಟಿ ಪಕ್ಕಾ. ಹೊಂದದಿದ್ದರೆ ಹರಿದು ಹಾಕಿ ಮತ್ತೆ ಬರೆಯಬೇಕು. (ಪರಿಶೀಲಿಸದೆ ಕೊಟ್ಟರೆ ಯಾವ ರೈತ ಒಪ್ಪಿಯಾನು?)

ಕಂಪ್ಯೂಟರ್‌ನಲ್ಲಿ ಇದಕ್ಕೆ ಸ್ಪೆಕ್ಯುಲೇಟಿವ್ ಮಲ್ಟಿಥ್ರೆಡಿಂಗ್ ಎನ್ನುತ್ತಾರೆ. ಒಂದೇ ಪ್ರೋಗ್ರಾಂನ ಮುಂದಿನ ತುಂಡುಗಳನ್ನು ಬೇರೆ ಕೋರ್‌ಗಳು ಮೊದಲೇ ಮಾಡತೊಡಗುತ್ತವೆ. ಫಲಿತಾಂಶವನ್ನು ಬದಿಗೆ ಇಟ್ಟುಕೊಳ್ಳುತ್ತವೆ. ಹಿಂದಿನ ತುಂಡು ಆಮೇಲೆ ಬದಲಿಸಿದ ಸಂಖ್ಯೆಯನ್ನು ಮುಂದಿನದು ಮೊದಲೇ ಓದಿಬಿಟ್ಟಿದ್ದರೆ, ಹಾರ್ಡ್‌ವೇರ್ ಅದನ್ನು ಹಿಡಿದು ಆ ಕೆಲಸವನ್ನು ರದ್ದು ಮಾಡಿ ಮತ್ತೆ ಮಾಡಿಸುತ್ತದೆ. ಪಿಲಾನಿಯಲ್ಲಿ ಎಂಜಿನಿಯರಿಂಗ್ ಓದಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದ ಗುರಿಂದರ್ ಸೋಹಿ ಮತ್ತು ಸಂಗಡಿಗರು 1995ರಲ್ಲಿ ‘ಮಲ್ಟಿಸ್ಕೇಲಾರ್’ ಎಂಬ ವಿನ್ಯಾಸದಲ್ಲಿ ಇದರ ದಾರಿ ತೋರಿಸಿದರು.

ಮೂವತ್ತು ವರ್ಷವಾದರೂ ಇದು ನಮ್ಮ ಸಾಮಾನ್ಯ ಫೋನ್‌ಗಳಿಗೆ ಬಂದಿಲ್ಲ. ಹರಿದು ಹಾಕಿದ ಚೀಟಿಗೂ ಕಾಗದ ಖರ್ಚು, ಅಂದರೆ ಇಲ್ಲಿ ಬ್ಯಾಟರಿ. ಊಹೆ ಪದೇ ಪದೇ ತಪ್ಪಿದರೆ ಉಳಿತಾಯಕ್ಕಿಂತ ದಂಡವೇ ಹೆಚ್ಚು. ಐಬಿಎಂ ತನ್ನ ಬ್ಲೂ ಜೀನ್/ಕ್ಯೂ ಸೂಪರ್ ಕಂಪ್ಯೂಟರ್‌ನಲ್ಲಿ ಇದಕ್ಕೆ ಅನುಕೂಲ ಮಾಡಿತ್ತು. ಸನ್ ಮೈಕ್ರೋಸಿಸ್ಟಮ್ಸ್‌ನ ‘ರಾಕ್’ ಚಿಪ್ ಇಂಥದ್ದೇ ಊಹೆಯ ವಿದ್ಯೆಯನ್ನು ನಂಬಿತ್ತು, ಆದರೆ ಮಾರುಕಟ್ಟೆ ಕಾಣಲೇ ಇಲ್ಲ.

ಒಂದು ಕೋರ್‌ನ ಒಳಗೇ ನಡೆಯುವ ಸಣ್ಣ ಊಹೆ ಮಾತ್ರ ಇಂದಿನ ಬಹುತೇಕ ಫೋನ್‌ಗಳಲ್ಲಿದೆ. ಅದಕ್ಕೂ ಬೆಲೆ ತೆರಬೇಕಾಯಿತು. ರದ್ದಾದ ಕೆಲಸವೂ ಗುರುತು ಉಳಿಸುತ್ತದೆ, ಆ ಗುರುತಿನಿಂದ ಗುಟ್ಟು ಕದಿಯಬಹುದು ಎಂದು 2018ರ ಜನವರಿಯಲ್ಲಿ ‘ಸ್ಪೆಕ್ಟರ್’ ಎಂಬ ದೋಷ ಬಯಲಾದಾಗ ಜಗತ್ತಿಗೆ ತಿಳಿಯಿತು. ಫೋನ್‌ಗೆ ಬರುವ ಸುರಕ್ಷತಾ ಅಪ್‌ಡೇಟ್‌ಗಳನ್ನು ಮುಂದೂಡಬೇಡಿ ಎಂದು ನಾವು ಹೇಳುವುದಕ್ಕೆ ಇದೂ ಒಂದು ಕಾರಣ.

ಇನ್ನು ಖರೀದಿಯ ಮಾತು. ಎಂಟು ಕೋರ್ ಎಂದರೂ ಸಾಮಾನ್ಯವಾಗಿ ಕೆಲವು ದೊಡ್ಡವು, ಉಳಿದವು ಬ್ಯಾಟರಿ ಉಳಿಸುವ ಚಿಕ್ಕವು. ಒಂದು ಆ್ಯಪ್ ಬೇಗ ತೆರೆಯಲು ಬೇಕಾದದ್ದು ಒಂದು ಗಟ್ಟಿ ಕೋರ್, ಸಾಕಷ್ಟು ರ‍್ಯಾಮ್, ತುಂಬಿ ತುಳುಕದ ಸ್ಟೋರೇಜ್. ಅಂಗಡಿಯಲ್ಲಿ ಕೋರ್ ಎಣಿಸುವ ಬದಲು ನೀವು ದಿನಾ ಬಳಸುವ ಆ್ಯಪನ್ನೇ ತೆರೆದು ನೋಡಿ. ‘ಮಲಗಿರುವ ಕೋರ್‌ಗಳನ್ನು ಎಬ್ಬಿಸುತ್ತೇವೆ’ ಎನ್ನುವ ಆ್ಯಪ್‌ಗಳ ಲಿಂಕ್ ಬಂದರೆ ಒತ್ತಬೇಡಿ. ಬೇರೊಬ್ಬರು ಬರೆದ ಪ್ರೋಗ್ರಾಂನ ಹೆಜ್ಜೆಗಳನ್ನು ಅವು ಹೊರಗಿನಿಂದ ಬಿಡಿಸಿ ಹಂಚಲಾರವು.