ದೂಡಲು ಜನ ಎಲ್ಲಿದ್ದಾರೆ?

ಕಳೆದ ಆಟಿ ತಿಂಗಳ ಒಂದು ರಾತ್ರಿ. ಅಮ್ಮನಿಗೆ ಉಸಿರು ಕಟ್ಟತೊಡಗಿತು. ವ್ಯಾನಿನ ಕೀ ತಿರುಗಿಸಿದರೆ 'ಟಕ್' ಎಂಬ ಸದ್ದು ಮಾತ್ರ. ಮಳೆಯೆಂದು ಹದಿನೈದು ದಿನ ಗಾಡಿ ಹೊರಗೆ ತೆಗೆದಿರಲಿಲ್ಲ. ಬ್ಯಾಟರಿ ಡೌನ್!

ಮೊದಲಾದರೆ ಒಂದು ಕೂಗು ಹಾಕಿದರೆ ನಾಲ್ಕು ಜನ ಬರುತ್ತಿದ್ದರು. ಈಗ ಮಕ್ಕಳು ಬೆಂಗಳೂರಲ್ಲಿ. ದೂಡಲು ನಾನೊಬ್ಬ, ಸ್ಟೇರಿಂಗಿಗೆ ಮನೆಯವಳು. ಅವಳಿಗೆ ಡ್ರೈವಿಂಗ್ ಬಾರದು; ನಾನು ಕಲಿಸಿದ್ದೇ ಇಲ್ಲ. ಕೊನೆಗೆ ನೆರೆಯವರ ಜೀಪು ಬಂತು. ಅಮ್ಮ ಉಳಿದರು. ಆದರೆ ಮುಕ್ಕಾಲು ಗಂಟೆ ಹಾಳಾಗಿತ್ತು.

ಆದ್ದರಿಂದ ನನ್ನ ಮೊದಲ ಮಾತು: ದೂಡಿ ಸ್ಟಾರ್ಟ್ ಮಾಡುವುದನ್ನು ಹೆಂಗಸರೂ ಸೇರಿ ಮನೆಯವರೆಲ್ಲ ಕಲಿಯಬೇಕು. ಹಗಲು ಹೊತ್ತಿನಲ್ಲಿ, ಖಾಲಿ ದಾರಿಯಲ್ಲಿ ಅಭ್ಯಾಸ ಮಾಡಿ. ಕೀ ಆನ್ ಇರಲಿ, ಇಲ್ಲವಾದರೆ ಸ್ಟೇರಿಂಗ್ ಲಾಕ್ ಆದೀತು. ಕ್ಲಚ್ ಒತ್ತಿ ಎರಡನೇ ಗೇರ್ ಹಾಕಿ. ಫಸ್ಟ್ ಗೇರಿನಲ್ಲಿ ಗಾಡಿ ಗಕ್ಕನೆ ನಿಂತುಬಿಡುತ್ತದೆ. ಗಾಡಿ ಓಡುನಡಿಗೆಯ ವೇಗಕ್ಕೆ ಬಂದಾಗ ಕ್ಲಚ್ ತಟ್ಟನೆ ಬಿಡಿ. ಇಂಜಿನ್ ಹಿಡಿದ ಕೂಡಲೇ ಮತ್ತೆ ಕ್ಲಚ್ ಒತ್ತಿ, ಸ್ವಲ್ಪ ಆಕ್ಸಿಲರೇಟರ್ ಕೊಡಿ. ನೆನಪಿರಲಿ, ಇಂಜಿನ್ ಓಡದಿದ್ದರೆ ಬ್ರೇಕ್ ಗಟ್ಟಿಯಾಗುತ್ತದೆ, ಪವರ್ ಸ್ಟೇರಿಂಗ್ ಭಾರವಾಗುತ್ತದೆ. ಕಡಿದಾದ ಇಳಿಜಾರಿನಲ್ಲಿ ಈ ಸಾಹಸ ಬೇಡ.

ಎರಡನೇ ಮಾತು: ಇದನ್ನೇ ನೆಚ್ಚಬೇಡಿ. ಹಳೆಯ ಡೀಸೆಲ್ ಜೀಪಿಗೆ ಇಳಿಜಾರು ಸಿಕ್ಕರೆ ಸಾಕಿತ್ತು. ಈಗಿನ ಗಾಡಿಗಳ ಪೆಟ್ರೋಲ್ ಪಂಪಿಗೂ ಕಂಪ್ಯೂಟರಿಗೂ ಕರೆಂಟು ಬೇಕು. ಬ್ಯಾಟರಿ ಪೂರ್ತಿ ಸತ್ತಿದ್ದರೆ ಎಷ್ಟು ದೂಡಿದರೂ ವ್ಯರ್ಥ. ಸುಮ್ಮನೆ ದೂಡುತ್ತಲೇ ಇದ್ದರೆ ಉರಿಯದ ಪೆಟ್ರೋಲ್ ಸೈಲೆನ್ಸರ್ ದಾರಿಯ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅದನ್ನೂ ಕೆಡಿಸೀತು. ಆಟೋಮ್ಯಾಟಿಕ್ ಗೇರಿನ ಗಾಡಿಗಂತೂ ಈ ಉಪಾಯ ನಡೆಯದು.

'ಗಾಡಿಯನ್ನು ಏರಿನಲ್ಲಿ ನಿಲ್ಲಿಸಿದರಾಯ್ತು, ಬ್ಯಾಟರಿ ಇನ್ನೊಂದು ಮಳೆಗಾಲ ಎಳೆಯಲಿ' ಎನ್ನುವುದು ನಮ್ಮಲ್ಲಿ ಅನೇಕರ ಲೆಕ್ಕ. ನನ್ನದೂ ಅದೇ ಆಗಿತ್ತು. ಪಂಪಿನ ಫುಟ್‌ವಾಲ್ವ್ ವಿಚಾರದಲ್ಲಿ ಹೀಗೆ ಮಾಡುತ್ತೇವೆಯೇ?

ಮಾಡಬೇಕಾದದ್ದು ಅಲ್ಪ. ವಾರಕ್ಕೊಮ್ಮೆ ಅರ್ಧ ಗಂಟೆ ಗಾಡಿ ಓಡಿಸಿ. ಶೆಡ್ಡಿನಲ್ಲೇ ಐದು ನಿಮಿಷ ಸ್ಟಾರ್ಟ್ ಮಾಡಿಟ್ಟರೆ ಸಾಲದು. ತಿಂಗಳುಗಟ್ಟಲೆ ನಿಲ್ಲಿಸುವುದಿದ್ದರೆ ಮೈನಸ್ ವಯರ್ ಬಿಚ್ಚಿಡಿ. ಟರ್ಮಿನಲ್ಲಿಗೆ ಕಟ್ಟಿದ ಬೂದಿಯನ್ನು ಅಡುಗೆ ಸೋಡ ಹಾಕಿದ ನೀರಿನಿಂದ ತಿಕ್ಕಿ ತೆಗೆದು, ಒಣಗಿದ ಮೇಲೆ ವ್ಯಾಸಲಿನ್ ಹಚ್ಚಿ. ಮುಚ್ಚಳ ಇರುವ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ, ಬಾವಿ ನೀರು ಬೇಡ. ಗಾಡಿ ನಿಂತು ಕೆಲವು ಗಂಟೆಗಳ ಮೇಲೆ ಮೀಟರಿನಲ್ಲಿ ನೋಡಿದರೆ ಒಳ್ಳೆಯ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸುತ್ತದೆ. 12ಕ್ಕಿಂತ ಕೆಳಗಿಳಿದರೆ ಚಾರ್ಜಿಗೆ ಹಾಕಲೇಬೇಕು.

ಒಂಟಿ ಮನೆಗಳಲ್ಲಿ ಈಗ ಉಳಿದವರು ನಮ್ಮಂಥ ಇಬ್ಬರು ಮುದುಕರು. ದೂಡುವ ಕೈಗಳು ಊರು ಬಿಟ್ಟಿವೆ. ಬ್ಯಾಟರಿಯಾದರೂ ಗಟ್ಟಿ ಇರಲಿ.